‘ನುಸುಳುಕೋರರು’ ಅಂದವರು ಯಾರು?

ಹಗರೆ ದಾಟಿ ಬೇಲೂರಿನ ಕಡೆ ಹೊರಟಿದ್ದೀರಿ.
ಕಾಫಿ ಕೊಯ್ಲಿಗೆ ಬಂದವರ ಜೀಪು ಎದುರಾಗುತ್ತೆ.
ಒಳಗೆ ಅಸ್ಸಾಮಿ ಮಾತು, ಬಂಗಾಳಿ ಮಾತು.
ನಿಮಗೆ ಮೊದಲು ಏನನ್ನಿಸುತ್ತೆ?
ಕೆಲಸದವರು ಅಂತಲೋ, ನುಸುಳುಕೋರರು ಅಂತಲೋ?

ಆ ಎರಡನೇ ಮಾತನ್ನ ನಮ್ಮ ತಲೆಗೆ ಹಾಕಿದವರು ಯಾರು?

2020ರ ಜನವರಿ.
ಬೆಂಗಳೂರಿನ ಬೆಳ್ಳಂದೂರು ಹತ್ತಿರ, ಕರಿಯಮ್ಮನ ಅಗ್ರಹಾರ.
ಕೂಲಿಯವರ ಶೆಡ್ಡುಗಳು.
ಅಲ್ಲಿನ ಶಾಸಕರು ಒಂದು ವಿಡಿಯೊ ಹಾಕಿದ್ರು:
ಇಲ್ಲಿರೋರು ಅಕ್ರಮ ಬಾಂಗ್ಲಾದೇಶಿಗಳಿರಬಹುದು ಅಂತ.
ಕೆಲವೇ ದಿನ.
ಜೆಸಿಬಿ ಬಂತು.

ಆಧಾರ್, ವೋಟರ್ ಐಡಿ ಹಿಡಿದು ಜನ ಬೀದಿಗೆ ಬಂದ್ರು.
ಅಸ್ಸಾಂನವರು, ತ್ರಿಪುರಾದವರು.
ಅಷ್ಟೇ ಅಲ್ಲ,
ನಮ್ಮ ಉತ್ತರ ಕರ್ನಾಟಕದವರೂ ಇದ್ರು!
ಕನ್ನಡ ಮಾತಾಡೋರೂ ‘ಬಾಂಗ್ಲಾದೇಶಿ’ಗಳ ಲೆಕ್ಕಕ್ಕೆ ಸೇರಿಬಿಟ್ಟಿದ್ರು.

ಪಾತ್ರೆ ತುಂಬ ಹಾಲಿಗೆ ಹುಳಿ ಹಿಂಡಿದ ಹಾಗೆ ಇದು.
ಅನುಮಾನ ಯಾರೋ ಕೆಲವರ ಮೇಲೆ,
ಒಡೆದಿದ್ದು ಎಲ್ಲರ ಬದುಕು.

ಹೈಕೋರ್ಟ್ ತೆರವಿಗೆ ತಡೆ ಕೊಟ್ಟಿತು.
ಅಷ್ಟೊತ್ತಿಗೆ ಎಷ್ಟೋ ಶೆಡ್ಡು ನೆಲಸಮ.

ಗಡಿ ನುಸುಳಿ ಬಂದವರನ್ನ ಪತ್ತೆ ಹಚ್ಚೋಕೆ ಕಾನೂನಿದೆ.
ದಾಖಲೆ ನೋಡಬೇಕು, ಅವರ ಮಾತೂ ಕೇಳಬೇಕು.
ಮೈಕು ಹಿಡಿದವರು ಅದ್ಯಾವುದಕ್ಕೂ ಕಾಯಲ್ಲ.
ನನಗೆ ಸಿಟ್ಟು ಬರೋದು ಇಲ್ಲೇ.

ಅಂಥ ವಿಡಿಯೊ ನಿಮ್ಮೂರ ಗ್ರೂಪಿಗೂ ಬಂದಿದ್ಯಾ?
ಅದರಲ್ಲಿ ಯಾವ ದಾಖಲೆ ತೋರಿಸಿದ್ರು?
ಕಾಮೆಂಟಲ್ಲಿ ಬರೀರಿ.