ಮಿನುಗಿನಲ್ಲಿ ಅಡಗಿದ ಲೆಕ್ಕ

ಕೃಷ್ಣಗಿರಿಯ ಉತ್ತರಕ್ಕೆ, ರಾಜ್ಯದ ಗಡಿಯಾಚೆಗಿರುವ ಕೋಲಾರದ ಗಣಿಗಳು ಚಿನ್ನಕ್ಕಷ್ಟೇ ಹೆಸರಾದವಲ್ಲ. ಬಾಹ್ಯಾಕಾಶದಿಂದ ಎಡೆಬಿಡದೆ ಸುರಿಯುವ ವಿಶ್ವಕಿರಣಗಳನ್ನು ಅಳೆಯಲು ನಂಜನಗೂಡು ಮೂಲದ ವಿಜ್ಞಾನಿ ಬಿ.ವಿ. ಶ್ರೀಕಂಠನ್ 1950ರ ದಶಕದ ಆರಂಭದಲ್ಲಿಯೇ ಆ ಗಣಿಗಳಿಗೆ ಇಳಿದಿದ್ದರು. 1965ರಲ್ಲಿ ಭಾರತ, ಜಪಾನ್ ಮತ್ತು ಇಂಗ್ಲೆಂಡಿನ ವಿಜ್ಞಾನಿಗಳು ಅಲ್ಲಿ ಸುಮಾರು 2.3 ಕಿಲೋಮೀಟರ್ ಆಳದಲ್ಲಿ, ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಗುರುತನ್ನು ಕಂಡರು. ಅವರ ಮುಖ್ಯ ಸಾಧನಗಳಲ್ಲಿ ಒಂದು ಪ್ಲಾಸ್ಟಿಕ್ ಸಿಂಟಿಲೇಟರ್.

ಸಿಂಟಿಲೇಟರ್ ಎಂದರೆ ಮಿನುಗುವ ಫಲಕ. ವಿದ್ಯುದಾವೇಶವುಳ್ಳ ಕಣವೊಂದು ಅದನ್ನು ಹಾದುಹೋದಾಗ ತನ್ನ ಶಕ್ತಿಯ ಸ್ವಲ್ಪ ಭಾಗವನ್ನು ಅಲ್ಲಿ ಬಿಡುತ್ತದೆ. ಫಲಕ ಕ್ಷಣಮಾತ್ರ ಬೆಳಗುತ್ತದೆ. ಕಣ್ಣಿಗೆ ಕಾಣದಷ್ಟು ಮಂದವಾದ ಆ ಬೆಳಕನ್ನು ಫೋಟೋಮಲ್ಟಿಪ್ಲೈಯರ್ ಎಂಬ ನಳಿಕೆ ವಿದ್ಯುತ್ ಸಂಕೇತವಾಗಿ ಹಿಗ್ಗಿಸುತ್ತದೆ.

ಬೆಳಕಿನ ಪ್ರಮಾಣವೇ ಕಣದ ಗುರುತು. ವಿಶ್ವಕಿರಣಗಳಲ್ಲಿ ಬಹುಪಾಲು ಪರಮಾಣುಗಳ ನ್ಯೂಕ್ಲಿಯಸ್‌ಗಳು. ವೇಗ ಒಂದೇ ಆಗಿದ್ದರೆ, ಫಲಕದಲ್ಲಿ ಉಳಿಯುವ ಶಕ್ತಿಯು ಆವೇಶದ ವರ್ಗಕ್ಕೆ ಅನುಗುಣವಾಗಿರುತ್ತದೆ. ಜಲಜನಕದ ಆವೇಶ 1. ಅದು ಬಿಡುವ ಶಕ್ತಿಯನ್ನು ಒಂದು ಪಾಲೆಂದುಕೊಂಡರೆ ಆವೇಶ 2 ಇರುವ ಹೀಲಿಯಂ 4 ಪಾಲು, 6 ಇರುವ ಇಂಗಾಲ 36 ಪಾಲು, 26 ಇರುವ ಕಬ್ಬಿಣ 676 ಪಾಲು ಬಿಡುತ್ತದೆ. ಭಾರವಾದ ನ್ಯೂಕ್ಲಿಯಸ್ ಬಂದಾಗ ಬೆಳಕು ಈ ಲೆಕ್ಕಕ್ಕಿಂತ ಕೊಂಚ ಕಡಿಮೆಯಾಗುವುದರಿಂದ, ಗೊತ್ತಿರುವ ಕಣಗಳನ್ನು ಹಾಯಿಸಿ ಉಪಕರಣವನ್ನು ಮೊದಲೇ ಸರಿಹೊಂದಿಸುತ್ತಾರೆ.

ಈ ನೇರ ಅಳತೆಗೆ ನೆಲ ಸಲ್ಲದು. ವಾಯುಮಂಡಲವನ್ನು ಹೊಕ್ಕ ನ್ಯೂಕ್ಲಿಯಸ್ ಗಾಳಿಯ ಪರಮಾಣುಗಳಿಗೆ ಬಡಿದು ಒಡೆದು, ಕಿರುಕಣಗಳ ಸುರಿಮಳೆಯಾಗುತ್ತದೆ. ಆದ್ದರಿಂದಲೇ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿರುವ ಜಪಾನಿನ ಕ್ಯಾಲೆಟ್ ಉಪಕರಣ 2015ರಿಂದ ಪ್ಲಾಸ್ಟಿಕ್ ಸಿಂಟಿಲೇಟರ್ ಪಟ್ಟಿಗಳ ನೆರವಿನಿಂದ ಆವೇಶವನ್ನು ಅಳೆಯುತ್ತಿದೆ.

ಆದರೆ ಅತ್ಯಧಿಕ ಶಕ್ತಿಯ ವಿಶ್ವಕಿರಣಗಳು ತೀರ ವಿರಳ. ಬಾಹ್ಯಾಕಾಶದ ಪುಟ್ಟ ಉಪಕರಣಕ್ಕೆ ಅವು ಸಿಗುವುದು ಕಷ್ಟ. ನೆಲದ ಮೇಲೆ ಹರಡಿದ ದೊಡ್ಡ ಬಲೆಯೇ ಬೇಕು. ತಮಿಳುನಾಡಿನಲ್ಲಿಯೇ, 2,200 ಮೀಟರ್ ಎತ್ತರದ ಉದಕಮಂಡಲದಲ್ಲಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಗ್ರೇಪ್ಸ್-3 ಕೇಂದ್ರ ಅಂಥದೊಂದು ಬಲೆ. ಅಲ್ಲಿನ ಸುಮಾರು 400 ಸಿಂಟಿಲೇಟರ್‌ಗಳು ಕಣಗಳ ಸಾಂದ್ರತೆಯನ್ನೂ ಅವು ಬಂದ ಸಮಯವನ್ನೂ ದಾಖಲಿಸುತ್ತವೆ. 560 ಚದರ ಮೀಟರಿನ ಮತ್ತೊಂದು ಉಪಕರಣ ಮ್ಯುವಾನ್‌ಗಳನ್ನು ಎಣಿಸುತ್ತದೆ. ಶಕ್ತಿ ಸಮನಾಗಿದ್ದರೆ ಕಬ್ಬಿಣದ ನ್ಯೂಕ್ಲಿಯಸ್ ಪ್ರೋಟಾನಿಗಿಂತ ಹೆಚ್ಚು ಮ್ಯುವಾನ್‌ಗಳನ್ನು ಹುಟ್ಟಿಸುತ್ತದೆ. ಹೀಗೆ ಒಡೆದ ಚೂರುಗಳಿಂದಲೇ ಮೂಲ ಕಣದ ಜಾತಿಯನ್ನು ಊಹಿಸಬಹುದು.

ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದವು. ಅಲ್ಲಿ ಮಿನುಗಿದ ಫಲಕಗಳ ಪರಂಪರೆ ನೀಲಗಿರಿಯ ಮೇಲೆ ಮುಂದುವರಿದಿದೆ. ಅದರ ಲೆಕ್ಕವನ್ನು ಅರಿಯಲು ಶಾಲೆಯಲ್ಲಿ ಕಲಿತ ವರ್ಗಸಂಖ್ಯೆಗಳೂ ಪಾಠಪುಸ್ತಕದ ಆವರ್ತ ಕೋಷ್ಟಕವೂ ಸಾಕು.