ಯಜಮಾನ ಬಿಟ್ಟುಹೋದ ಕೋಡ್‌ನ ಕೀಲಿ ಯಾರ ಕೈಗೆ?

ಒಂದಷ್ಟು ದಿನ ಕೋಡ್ ಬರೆದವರಿಗೆಲ್ಲ ಇದು ಗೊತ್ತು. ಎನ್‌ಪಿಎಂ ಇನ್‌ಸ್ಟಾಲ್ ಅಂತ ಟೈಪ್ ಮಾಡಿದರೆ ಪರದೆ ಮೇಲೆ ಸಾಲುಸಾಲಾಗಿ ಅಕ್ಷರ ಓಡುತ್ತವೆ. ನಡುವೆ ಎಲ್ಲೋ ‘ಡೆಪ್ರಿಕೇಟೆಡ್’ ಎಂಬ ಎಚ್ಚರಿಕೆ. ಅಂದ್ರೆ, ಇದನ್ನು ಇನ್ನು ಬಳಸಬೇಡಿ ಅಂತ. ನಾನಂತೂ ಒಂದು ದಿನವೂ ಅದನ್ನು ನಿಂತು ಓದಿದವನಲ್ಲ. ಇನ್‌ಸ್ಟಾಲ್ ಆಯ್ತಲ್ಲ, ಸಾಕು.

ಇದು ಟೆಕ್ಕಿಗಳ ತಲೆನೋವು ಮಾತ್ರ ಅಂದುಕೊಳ್ಳಬೇಡಿ. ನೀವು ದಿನಾ ಬಳಸುವ ಆ್ಯಪ್‌ಗಳಲ್ಲಿ ಕಂಪನಿಯವರೇ ಬರೆದ ಕೋಡ್ ಒಂದು ಪಾಲು ಅಷ್ಟೇ. ಉಳಿದದ್ದು ಯಾರ್ಯಾರೋ ಬರೆದು ಪುಕ್ಕಟೆ ಹಂಚಿದ ಪ್ಯಾಕೇಜ್‌ಗಳು. ಅವನ್ನು ತಂದು ಜೋಡಿಸುವುದು, ಹೊಸ ಆವೃತ್ತಿ ಬಂದರೆ ಬದಲಿಸುವುದು ಪ್ಯಾಕೇಜ್ ಮ್ಯಾನೇಜರ್ ಕೆಲಸ. ಜಾವಾಸ್ಕ್ರಿಪ್ಟ್‌ಗೆ ಎನ್‌ಪಿಎಂ, ಪೈಥಾನ್‌ಗೆ ಪಿಪ್. ಬರೆದವರಲ್ಲಿ ಹೆಚ್ಚಿನವರಿಗೆ ಇದರಿಂದ ಬಿಡಿಗಾಸೂ ಬರಲ್ಲ. ಬೇರೆ ಕೆಲಸ, ಸಂಸಾರ ಅಂತ ಒಂದು ದಿನ ಕೈಬಿಡುತ್ತಾರೆ. ಅದು ತಪ್ಪಲ್ಲ. ಆಮೇಲೇನು?

2018ರಲ್ಲಿ ಆದದ್ದು ನೋಡಿ. ಎನ್‌ಪಿಎಂನಲ್ಲಿ ‘ಈವೆಂಟ್-ಸ್ಟ್ರೀಮ್’ ಎಂಬ ಪ್ಯಾಕೇಜ್ ಇತ್ತು, ವಾರಕ್ಕೆ ಸುಮಾರು 20 ಲಕ್ಷ ಡೌನ್‌ಲೋಡ್. ಬರೆದ ಡಾಮಿನಿಕ್ ಟಾರ್ ಅದನ್ನು ತಾವೇ ಬಳಸುವುದನ್ನೂ ಬಿಟ್ಟಿದ್ದರು. ನೋಡಿಕೊಳ್ಳುತ್ತೇನೆ ಅಂತ ಅಪರಿಚಿತನೊಬ್ಬ ಇಮೇಲ್ ಮಾಡಿದ, ಟಾರ್ ಕೊಟ್ಟುಬಿಟ್ಟರು. ಆತ ಸೆಪ್ಟೆಂಬರ್‌ನಲ್ಲಿ ಅದರೊಳಗೆ ಇನ್ನೊಂದು ಪ್ಯಾಕೇಜ್ ಸೇರಿಸಿದ. ಕೋಪೇ ಎಂಬ ಬಿಟ್‌ಕಾಯಿನ್ ವ್ಯಾಲೆಟ್‌ಗೆ ಕನ್ನ ಹಾಕುವ ಕೋಡ್ ಬಂದದ್ದು ಅದರ ಮೂಲಕ. ಬಯಲಾದದ್ದು ನವೆಂಬರ್‌ನಲ್ಲಿ.

ನಮ್ಮೂರಲ್ಲಿ ಅರ್ಧ ಎಕರೆಯ ಖಾತೆ ಬದಲಾಗಬೇಕಂದ್ರೂ ಆಕ್ಷೇಪಣೆ ಕೇಳಿ ನೋಟಿಸ್ ಹಚ್ಚುತ್ತಾರೆ. ಈವೆಂಟ್-ಸ್ಟ್ರೀಮ್‌ನ ಖಾತೆ ಬದಲಾದಾಗ ಬಳಕೆದಾರರಿಗೆ ಒಂದು ನೋಟಿಸೂ ಹೋಗಲಿಲ್ಲ. ನನ್ನ ತಕರಾರು ಇಷ್ಟೇ.

2022ರಲ್ಲಿ ಪೈಥಾನ್‌ನ ‘ಸಿಟಿಎಕ್ಸ್’ ಪ್ಯಾಕೇಜ್ ಕೇಳಿಯೂ ಪಡೆಯಬೇಕಾಗಲಿಲ್ಲ. ಲೇಖಕರ ಇಮೇಲ್ ಇದ್ದ ಡೊಮೇನ್ ಅವಧಿ ಮುಗಿದಿತ್ತು. ಯಾರೋ ಅದನ್ನು ಕೊಂಡು ಪಾಸ್‌ವರ್ಡ್ ರೀಸೆಟ್ ಮಾಡಿ ಒಳಗೆ ಹೊಕ್ಕರು. ವರ್ಷಗಟ್ಟಲೆ ಸುಮ್ಮನಿದ್ದ ಪ್ಯಾಕೇಜ್ ದಿಢೀರನೆ ಬಳಕೆದಾರರ ರಹಸ್ಯ ಕೀಗಳನ್ನು ಹೊರಗೆ ಕಳಿಸತೊಡಗಿತು.

ಹಾಗಾದ್ರೆ ಹಳೆಯದನ್ನೆಲ್ಲ ಅಳಿಸಿಬಿಡೋಣವೇ? ಅದೂ ಆಗಿದೆ. 2016ರಲ್ಲಿ ಹೆಸರಿನ ಜಗಳದಲ್ಲಿ ಬೇಸತ್ತ ಲೇಖಕರೊಬ್ಬರು ‘ಲೆಫ್ಟ್-ಪ್ಯಾಡ್’ ಎಂಬ 11 ಸಾಲಿನ ಕೋಡ್ ಹಿಂಪಡೆದರು. ಬೇಬಲ್‌ನಂಥ ದೊಡ್ಡ ಪ್ರಾಜೆಕ್ಟ್‌ಗಳೇ ಮುಗ್ಗರಿಸಿದವು. ಎನ್‌ಪಿಎಂ ತಾನೇ ಮಧ್ಯೆ ಬಂದು ಅದನ್ನು ವಾಪಸ್ ಹಾಕಿತು. ವರ್ಷಗಳಿಂದ ಅಪ್‌ಡೇಟ್ ಇಲ್ಲ ಅಂದಮಾತ್ರಕ್ಕೆ ಸತ್ತಿದೆ ಅಂತಲೂ ಹೇಳಕ್ಕಾಗಲ್ಲ. ಕೆಲವು ಕೋಡ್ ಬರೆದು ಮುಗಿದಿರುತ್ತೆ, ಅಷ್ಟೇ.

ಹಾಗಾಗಿ ಹಳೆಯ ಆವೃತ್ತಿ ಇದ್ದಲ್ಲೇ ಇರಲಿ. ಆದರೆ ಪ್ಯಾಕೇಜ್ ಕೈ ಬದಲಾದ ಮೇಲೆ ಬಂದ ಮೊದಲ ಅಪ್‌ಡೇಟ್ ಸದ್ದಿಲ್ಲದೆ ಒಳಗೆ ಬರಬಾರದು. ಪ್ಯಾಕೇಜ್ ಮ್ಯಾನೇಜರ್ ಅಲ್ಲೇ ನಿಂತು, ಯಜಮಾನ ಬದಲಾಗಿದ್ದಾನೆ, ಮುಂದುವರಿಯಲಾ ಅಂತ ಕೇಳಬೇಕು. ರಾತ್ರೋರಾತ್ರಿ ಬಿಲ್ಡ್ ನಿಲ್ಲುತ್ತೆ ಅಂತ ಕಂಪನಿಗಳು ಗೊಣಗಬಹುದು. ಗೊಣಗಲಿ, ಪುಕ್ಕಟೆ ಕೋಡ್ ಮೇಲೆ ದುಡ್ಡು ಮಾಡುವವರು ಒಂದು ಪ್ರಶ್ನೆಗೆ ಉತ್ತರ ಕೊಡಲಿ.

ಪೈಥಾನ್‌ನ ಭಂಡಾರ ಪೈಪಿಐನಲ್ಲಿ 2025ರ ಜನವರಿಯಿಂದ ಲೇಖಕರೇ ತಮ್ಮ ಪ್ಯಾಕೇಜನ್ನು ‘ಆರ್ಕೈವ್’ ಎಂದು ಘೋಷಿಸಬಹುದು. ಒಳ್ಳೆಯದೇ. ಆದರೆ ಬೋರ್ಡ್ ತೂಗುಹಾಕಿರುವುದು ಪ್ಯಾಕೇಜಿನ ವೆಬ್‌ಪುಟದಲ್ಲಿ, ಇನ್‌ಸ್ಟಾಲ್ ಮಾಡುವವರು ಕೂತಿರುವುದು ಟರ್ಮಿನಲ್ ಮುಂದೆ. ಟರ್ಮಿನಲ್‌ನಲ್ಲಿ ಬರೀ ಎಚ್ಚರಿಸಿದರೂ ಸಾಲದು. ಎನ್‌ಪಿಎಂನ ‘ರಿಕ್ವೆಸ್ಟ್’ ಪ್ಯಾಕೇಜನ್ನು 2020ರ ಫೆಬ್ರವರಿಯಲ್ಲೇ ಡೆಪ್ರಿಕೇಟ್ ಮಾಡಲಾಯಿತು. ಆಮೇಲೂ ವರ್ಷಗಟ್ಟಲೆ ಅದು ವಾರಕ್ಕೆ ಲಕ್ಷಗಟ್ಟಲೆ ಸಲ ಡೌನ್‌ಲೋಡ್ ಆಗುತ್ತಲೇ ಇತ್ತು.