ಗದ್ದದಿಂದ ಮೂಗಿಗೆ

ಖಾನಾಪುರ ಬಿಟ್ಟ ಬಸ್ಸು ನಂದಗಡ ದಾಟಿತೆಂದರೆ ರಸ್ತೆಯ ಎರಡೂ ಬದಿ ಕೊಯ್ಲು ಮುಗಿದ ಭತ್ತದ ಗದ್ದೆಗಳು, ಅಲ್ಲಲ್ಲಿ ಕಬ್ಬು, ದೂರದಲ್ಲಿ ಕಾಡಿನ ಕಪ್ಪು ಅಂಚು. 2021ರ ಆರಂಭದ ಚಳಿ. ಬಸ್ಸಿನ ಕಿಟಕಿಗಳೆಲ್ಲ ಮುಚ್ಚಿವೆ. ಪದವಿ ಕಾಲೇಜಿನ ಇತಿಹಾಸದ ಮಕ್ಕಳು ಕದಂಬರ ಪಲಾಶಿಕೆ, ಇಂದಿನ ಹಲಸಿಯನ್ನು ನೋಡಲು ಹೊರಟಿದ್ದಾರೆ. ಕೋವಿಡ್‌ನಿಂದ ಮುಚ್ಚಿದ್ದ ರಾಜ್ಯದ ಪದವಿ ಕಾಲೇಜುಗಳು ಹಿಂದಿನ ನವೆಂಬರ್ 17ಕ್ಕೆ ತೆರೆದಿದ್ದವು. ಎಂಟು ತಿಂಗಳು ಮನೆಯಲ್ಲಿ ಮೊಬೈಲ್ ಹಿಡಿದು ಕೂತವರಿಗೆ ಪಕ್ಕದ ಸೀಟಿನಲ್ಲಿ ಗೆಳೆಯ ಸಿಕ್ಕಿದ್ದೇ ಹಬ್ಬ. ಮಾತು ನಿಲ್ಲುತ್ತಿಲ್ಲ.

ಮಾಸ್ಕ್ ಇಲ್ಲದವರು ಒಬ್ಬರೂ ಇಲ್ಲ. ಆದರೆ ಒಬ್ಬನದು ಗದ್ದದ ಮೇಲಿದೆ, ಇನ್ನೊಬ್ಬನದು ಒಂದೇ ಕಿವಿಗೆ ಜೋತುಬಿದ್ದಿದೆ. ಹುಡುಗಿಯೊಬ್ಬಳು ಬಾಯಿ ಮುಚ್ಚಿ ಮೂಗು ಹೊರಗಿಟ್ಟಿದ್ದಾಳೆ. ಮೂಲೆಯ ಹುಡುಗನ ಬಟ್ಟೆಯ ಮಾಸ್ಕ್ ಎಷ್ಟೋ ಸಲ ಒಗೆದು ಜಾಳಾಗಿ, ಉಸಿರು ಬಿಟ್ಟಾಗಲೆಲ್ಲ ಕೆನ್ನೆಯ ಪಕ್ಕ ಬಾಯ್ದೆರೆಯುತ್ತದೆ. ಕಂಡಕ್ಟರ್ ಟಿಕೆಟ್ ಹರಿಯುತ್ತ, “ತಮ್ಮಾ, ಮೂಗಿನ ಮ್ಯಾಲ ಏರಸೋ” ಅನ್ನುತ್ತಾರೆ. ಏರುತ್ತದೆ. ಅವರು ಮುಂದಿನ ಸೀಟಿಗೆ ಹೋದೊಡನೆ ಇಳಿಯುತ್ತದೆ. ದಂಡ ನಗರದಲ್ಲಿ 250 ರೂಪಾಯಿ, ಹಳ್ಳಿಯಲ್ಲಿ 100 ಎಂಬುದು ಎಲ್ಲರಿಗೂ ಗೊತ್ತು. ಬಸ್ಸಿನೊಳಗೆ ದಂಡ ಹಾಕುವವರಿಲ್ಲ ಎಂಬುದೂ ಗೊತ್ತು.

ಹಲಸಿಯ ಭೂವರಾಹ ನರಸಿಂಹ ದೇವಾಲಯದ ಅಂಗಳದಲ್ಲಿ ನೋಟ ಬೇರೆ. ತೆರೆದ ಆಕಾಶ, ಧಾರಾಳ ಗಾಳಿ, ಬಿಸಿಲು. ಮೇಷ್ಟರು ಎದುರಿಗಿದ್ದಾರೆ, ಆದ್ದರಿಂದ ಎಲ್ಲರ ಮಾಸ್ಕೂ ನೆಟ್ಟಗೆ. ಆಮೇಲೆ ಗುಂಪು ಒಳಗೆ ಹೊಕ್ಕಿತು. ಎರಡು ಗರ್ಭಗುಡಿಗಳು ಎದುರುಬದುರಾಗಿರುವ ಅಪರೂಪದ ಗುಡಿ ಇದು: ಒಂದರಲ್ಲಿ ನರಸಿಂಹ, ಇನ್ನೊಂದರಲ್ಲಿ ಭೂದೇವಿಯನ್ನೆತ್ತಿದ ವರಾಹ. ನಡುವೆ ಕಂಬಗಳ ಮಬ್ಬುಗತ್ತಲ ಮಂಟಪ. ಗೋವಾ ಕದಂಬ ಶಿವಚಿತ್ತನ ಕಾಲದ, 1169ರ ಶಾಸನದ ಮಾತು ಬಂದಾಗ ಹಿಂದಿನವರಿಗೆ ಕೇಳಿಸಲಿಲ್ಲ. ಮಕ್ಕಳು ಒತ್ತೊತ್ತಾಗಿ ಮುಂದೆ ಬಂದರು. ದನಿ ಏರಿಸಬೇಕಾದ ಮೇಷ್ಟರು ಮಾಸ್ಕನ್ನು ಗದ್ದಕ್ಕಿಳಿಸಿದರು. ಎರಡು ನಿಮಿಷದಲ್ಲಿ ಅರ್ಧ ಗುಂಪಿನ ಮಾಸ್ಕ್ ಇಳಿದಿತ್ತು. ಯಾರೂ ಬೇಕೆಂದು ಮಾಡಿದ್ದಲ್ಲ. ಅಂಗಳದಲ್ಲಿ ಅಷ್ಟೇನೂ ಬೇಕಿರದಿದ್ದ ಮಾಸ್ಕ್ ಮೂಗಿನ ಮೇಲಿತ್ತು. ಗಾಳಿಯಾಡದ ಮಂಟಪದಲ್ಲಿ, ಅದೂ ದನಿ ಏರಿದಷ್ಟೂ ಬಾಯಿಂದ ಹೊರಬೀಳುವ ಕಣಗಳು ಹೆಚ್ಚುವ ಹೊತ್ತಿನಲ್ಲಿ, ಗದ್ದಕ್ಕಿಳಿದಿತ್ತು. ಕಾಲೇಜಿನ ಪ್ರಯೋಗಾಲಯದಲ್ಲಿ, ಹಾಸ್ಟೆಲಿನ ಕೋಣೆಯಲ್ಲಿ, ಮೆಸ್ಸಿನಲ್ಲಿ ಆಗುವುದೂ ಇದೇ ಅಲ್ಲವೇ?

ಹೊರಗೆ ಬಂದ ಮೇಲೆ ಜೊತೆಗಿದ್ದ ಮೇಡಂ ಬೈಯಲಿಲ್ಲ. ಕಟ್ಟೆಯ ಮೇಲೆ ಕೂತು ಚೀಲದಿಂದ ಹೊಸ ಸರ್ಜಿಕಲ್ ಮಾಸ್ಕ್ ತೆಗೆದರು. “ಇಲ್ಲಿ ನೋಡ್ರಿ” ಎಂದು ಅದನ್ನು ಉದ್ದಕ್ಕೆ ಮಡಚಿದರು. ಕಿವಿಗೆ ಹಾಕುವ ಎಲಾಸ್ಟಿಕ್ ದಾರಕ್ಕೆ, ಅದು ಬಟ್ಟೆಗೆ ಸೇರುವ ಬುಡದಲ್ಲೇ, ಎರಡೂ ಕಡೆ ಒಂದೊಂದು ಗಂಟು ಹಾಕಿದರು. ಬಿಡಿಸಿದಾಗ ಪಕ್ಕದಲ್ಲಿ ಉಬ್ಬಿದ ಅಂಚನ್ನು ಬೆರಳಿನಿಂದ ಒಳಕ್ಕೆ ಮಡಚಿದರು. ಮುಖಕ್ಕೇರಿಸಿ, ಮೂಗಿನ ಮೇಲಿನ ತಂತಿಯನ್ನು ಎರಡು ಬೆರಳಲ್ಲಿ ಒತ್ತಿ ಕೂರಿಸಿದರು. ಕನ್ನಡಕ ಹಾಕಿದ ಹುಡುಗಿಯೊಬ್ಬಳು ಹಾಗೇ ಮಾಡಿ ನೋಡಿದಳು. ಅಲ್ಲಿಯವರೆಗೆ ಮಸುಕಾಗುತ್ತಿದ್ದ ಗಾಜು ಈಗ ತಿಳಿಯಾಗಿಯೇ ಉಳಿಯಿತು. “ಗಾಳಿ ಮ್ಯಾಲಿಂದ ಸೋರೂದು ನಿಂತೈತಿ ನೋಡ್ರಿ ಮೇಡಂ!” ಎಂದು ಅವಳು ಹೇಳಿದ್ದೇ ತಡ, ಉಳಿದವರೂ ಕೈಹಾಕಿದರು.

ಆ ಗಂಟಿಗೆ ಎಷ್ಟು ಬೆಲೆಯಿದೆ ಎಂಬುದನ್ನು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಅದೇ ವರ್ಷದ ಫೆಬ್ರುವರಿಯಲ್ಲಿ ಲೆಕ್ಕಹಾಕಿ ತೋರಿಸಿತು. ಪ್ರಯೋಗಾಲಯದಲ್ಲಿ ಕೃತಕವಾಗಿ ಕೆಮ್ಮಿಸಿದಾಗ ಸಾದಾ ಸರ್ಜಿಕಲ್ ಮಾಸ್ಕ್ ತಡೆದದ್ದು ಶೇ 56ರಷ್ಟು ಕಣಗಳನ್ನು. ಗಂಟು ಹಾಕಿ ಅಂಚು ಮಡಚಿದಾಗ ಅದೇ ಮಾಸ್ಕ್ ಶೇ 77ರಷ್ಟನ್ನು ತಡೆಯಿತು. ಗಂಟಿಲ್ಲದ ಸರ್ಜಿಕಲ್ ಮಾಸ್ಕಿನ ಮೇಲೆ ಬಟ್ಟೆಯ ಮಾಸ್ಕ್ ಹಾಕಿದರೆ ಶೇ 85. ಗಂಟಿಗೆ ಒಂದು ಪೈಸೆಯ ಖರ್ಚಿಲ್ಲ. ಎನ್95 ಇನ್ನೂ ಒಳ್ಳೆಯದು, ಆದರೆ ಅದರ ಪದರದಲ್ಲಿ ಕಣಗಳನ್ನು ಸೆಳೆಯುವ ವಿದ್ಯುದಾವೇಶ ಇರುತ್ತದೆ. ಸಾಬೂನು ಹಾಕಿ ಒಗೆದರೆ ಆ ಗುಣ ಹೋಗುತ್ತದೆ. ನಮ್ಮ ಎಷ್ಟೋ ಮನೆಗಳಲ್ಲಿ ಒಗೆದು ಹಗ್ಗಕ್ಕೆ ಹಾಕಿದ್ದು ಇದೇ ಎನ್95 ಎಂಬುದು ಬೇಸರದ ಸಂಗತಿ.

ಊಟದ ಹೊತ್ತಿಗೆ ರೊಟ್ಟಿ, ಶೇಂಗಾ ಚಟ್ನಿಯ ಗಂಟುಗಳು ಬಿಚ್ಚಿದವು. ಮಕ್ಕಳು ದುಂಡಗೆ ಕೂರಹೊರಟಾಗ ಮೇಡಂ ಪ್ರಾಕಾರದ ಗೋಡೆಗುಂಟ ಪಂಕ್ತಿಯಲ್ಲಿ ಕೂರಿಸಿದರು. ತೆಗೆದ ಮಾಸ್ಕ್ ಕಿಸೆಗಲ್ಲ, ಕಾಗದದ ಲಕೋಟೆಗೆ. ಎದ್ದ ಮೇಲೆ ಮೊದಲು ಮಾಸ್ಕ್, ಆಮೇಲೆ ಹರಟೆ.

ಅಂದು ಆ ಮಕ್ಕಳ ಕೈಯಲ್ಲಿದ್ದ ಮುಖ್ಯ ರಕ್ಷಣೆ ಮಾಸ್ಕೇ. ಹದಿನೆಂಟು ದಾಟಿದವರಿಗೆ ಲಸಿಕೆ ತೆರೆದದ್ದು ಆ ವರ್ಷದ ಮೇ 1ರಿಂದ. ಲಸಿಕೆ ಬಂದ ಮೇಲೂ ಎಚ್ಚರ ಬೇಕೆಂದು ತೋರಿಸಿದ್ದು ನಮ್ಮ ನೆರೆಯ ಧಾರವಾಡ. 2021ರ ನವೆಂಬರ್‌ನಲ್ಲಿ ಸತ್ತೂರಿನ ಎಸ್‌ಡಿಎಂ ವೈದ್ಯಕೀಯ ಕಾಲೇಜಿನಲ್ಲಿ ಹೊಸ ವಿದ್ಯಾರ್ಥಿಗಳ ಸ್ವಾಗತ ಸಮಾರಂಭದ ಬಳಿಕ ಸೋಂಕು ಕಾಣಿಸಿತು. ಮೊದಲು 66, ಕೆಲವೇ ದಿನಗಳಲ್ಲಿ 281. ಹೆಚ್ಚಿನವರು ಎರಡೂ ಡೋಸ್ ಪಡೆದವರು. ಲಸಿಕೆಯಿಂದಾಗಿ ಬಹುತೇಕರಿಗೆ ರೋಗ ಬಿಗಡಾಯಿಸಲಿಲ್ಲ, ಆದರೆ ಹರಡುವುದು ನಿಲ್ಲಲಿಲ್ಲ. ರೋಗದ ಬಗ್ಗೆ ಎಲ್ಲರಿಗಿಂತ ಹೆಚ್ಚು ಓದಿಕೊಂಡ ಮಕ್ಕಳಿದ್ದ ಆವರಣದಲ್ಲೇ ಹೀಗಾಯಿತೆಂದರೆ, ತಿಳಿವಳಿಕೆಯೊಂದೇ ಸಾಲದು, ರೂಢಿಯೂ ಬೇಕು.

ರೂಢಿ ಹೇಗೆ ಬೀಳುತ್ತದೆ? ಬಾಂಗ್ಲಾದೇಶದ 600 ಹಳ್ಳಿಗಳಲ್ಲಿ ನಡೆದ ದೊಡ್ಡ ಪ್ರಯೋಗವೊಂದು ಉತ್ತರ ಕೊಟ್ಟಿದೆ. ಮಾಸ್ಕನ್ನು ಮನೆಬಾಗಿಲಿಗೇ ಪುಕ್ಕಟೆ ಕೊಟ್ಟು, ಹೇಗೆ ಹಾಕಬೇಕೆಂದು ತೋರಿಸಿ, ಊರಿನ ಹಿರಿಯರೇ ಹಾಕಿಕೊಂಡು, ಸಂತೆ-ಮಸೀದಿಗಳಲ್ಲಿ ಎದುರಿಗೆ ನಿಂತು ನಯವಾಗಿ ನೆನಪಿಸಿದಾಗ, ಸರಿಯಾಗಿ ಮಾಸ್ಕ್ ಹಾಕುವವರ ಪ್ರಮಾಣ ಶೇ 13ರಿಂದ 42ಕ್ಕೇರಿತು. ಮೊಬೈಲ್ ಸಂದೇಶ, ಹಣದ ಬಹುಮಾನಗಳಿಂದ ಅದಕ್ಕಿಂತ ಹೆಚ್ಚೇನೂ ಆಗಲಿಲ್ಲ. ಹಲಸಿಯ ಕಟ್ಟೆಯ ಮೇಲೆ ಆ ಮೇಡಂ ಮಾಡಿದ್ದೂ ಇದನ್ನೇ. ನಮ್ಮ ಕಾಲೇಜುಗಳ ಗೇಟಿನಲ್ಲಿ ತೂಗಿದ ‘ನೋ ಮಾಸ್ಕ್, ನೋ ಎಂಟ್ರಿ’ ಫಲಕ ಗೇಟಿನಿಂದಾಚೆಗೆ ಏನನ್ನೂ ಕಲಿಸಲಿಲ್ಲ ಎಂದೇ ನನ್ನ ಅಭಿಪ್ರಾಯ.

ಕೋವಿಡ್‌ನ ಆ ದಿನಗಳು ಕಳೆದಿವೆ. ಕೆಮ್ಮು, ಫ್ಲೂ, ಕ್ಷಯ ಹೋಗಿಲ್ಲ. ಜೂನ್‌ನಲ್ಲಿ ಖಾನಾಪುರದ ಮಳೆ ಹಿಡಿದರೆ ಬಸ್ಸಿನ ಕಿಟಕಿಗಳು ಮತ್ತೆ ಮುಚ್ಚುತ್ತವೆ, ನೆನೆದ ಮಾಸ್ಕ್ ಕೆಲಸಕ್ಕೆ ಬಾರದ್ದರಿಂದ ಚೀಲದಲ್ಲಿ ಇನ್ನೊಂದು ಇರಬೇಕಾಗುತ್ತದೆ. ಬೆಳಗಾವಿ, ಖಾನಾಪುರದ ಪ್ರಾಚಾರ್ಯರಲ್ಲಿ ನನ್ನದೊಂದು ವಿನಂತಿ: ಗ್ರಂಥಾಲಯದ ಬಾಗಿಲಲ್ಲಿ, ಹಾಸ್ಟೆಲಿನಲ್ಲಿ ಮಾಸ್ಕಿನ ಒಂದು ಡಬ್ಬಿ ಇಡಿ, ಕೆಮ್ಮುವವರು ಕೇಳದೆಯೇ ತೆಗೆದುಕೊಳ್ಳುವಂತಿರಲಿ. ತರಗತಿಯ ಕಿಟಕಿ ತೆರೆದಿಡಿ. ಎರಡು ವಾರ ಮೀರಿದ ಕೆಮ್ಮಿರುವ ಹುಡುಗನನ್ನು ಸರಕಾರಿ ಆಸ್ಪತ್ರೆಗೆ ಕಫ ಪರೀಕ್ಷೆಗೆ ಕಳಿಸಿ, ಅಲ್ಲಿ ಪರೀಕ್ಷೆಯೂ ಔಷಧಿಯೂ ಉಚಿತ. ಮತ್ತು ಮೇಷ್ಟರೇ, ಪಾಠಕ್ಕೆ ದನಿ ಏರಿಸಬೇಕಾದರೆ ಒಂದು ಮೈಕ್ ತರಿಸಿಕೊಳ್ಳಿ, ಮಾಸ್ಕ್ ಇಳಿಸಬೇಡಿ.